ದೊಡ್ಡ ರೋಗ ಬಂದರೆ ನಮ್ಮೂರು ತಡೆದೀತೇ? ಅಳೆಯುವ ದಾರಿಗಳಲ್ಲಿ ಯಾವುದನ್ನು ಆರಿಸಬೇಕು

ಪ್ಲೇಗಿನ ಕಾಲದ ಕತೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. ಅವರೂ ಅದನ್ನು ಹಿರಿಯರಿಂದ ಕೇಳಿದ್ದು. ಮನೆಯಲ್ಲಿ ಇಲಿ ಬಿತ್ತು ಅಂದರೆ ಅವತ್ತೇ ಪಾತ್ರೆ ಪಡಗ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರಂತೆ. ರೋಗ ಚಿಗಟದಿಂದ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಸತ್ತ ಇಲಿ ಕಂಡರೆ ಏನು ಮಾಡಬೇಕು ಅನ್ನೋದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಮಲೆನಾಡಿನಲ್ಲಿ ಈಗ ಇಲಿಯ ಜಾಗದಲ್ಲಿ ಮಂಗ ಇದೆ. ಕಾಡಂಚಿನಲ್ಲಿ ಮಂಗ ಸತ್ತು ಬಿತ್ತು ಅಂದರೆ ಮಂಗನ ಕಾಯಿಲೆ ಹತ್ತಿರ ಬಂದಿರಬಹುದು ಎಂದು ಅರ್ಥ. ಆ ಸುದ್ದಿ ಸಿಕ್ಕಿದಾಗ ಇವತ್ತು ನಮ್ಮಲ್ಲಿ ಎಷ್ಟು ಜನರಿಗೆ ಏನು ಮಾಡಬೇಕು ಅಂತ ಗೊತ್ತಿದೆ?

ಒಂದು ಗ್ರಾಮಸಭೆಯಲ್ಲಿ ಹೆಣ್ಣುಮಗಳೊಬ್ಬಳು ಎದ್ದು ನಿಂತು ಕೇಳಿದಳು: "ಕೋವಿಡ್ ಥರ ಇನ್ನೊಂದು ಬಂದರೆ ನಮ್ಮೂರು ತಡೆಯುತ್ತಾ?" ಯಾರೂ ಉತ್ತರ ಕೊಡಲಿಲ್ಲ. ನಾನು 2021ರಿಂದ ಪಂಚಾಯಿತಿಯ ಕಾರ್ಯಪಡೆಯಲ್ಲಿ ಓಡಾಡಿದವನು. ನನ್ನ ಬಳಿಯೂ ಉತ್ತರ ಇರಲಿಲ್ಲ. ಆಮೇಲೆ ಇದನ್ನು ಅಳೆಯಲು ಏನೇನು ದಾರಿಗಳಿವೆ ಎಂದು ಹುಡುಕಿದೆ, ಕೆಲವನ್ನು ನಮ್ಮಲ್ಲೇ ಮಾಡಿ ನೋಡಿದೆವು. ಪಂಚಾಯಿತಿ ಸದಸ್ಯರು, ಪಿಡಿಒಗಳು, ಸ್ವಸಹಾಯ ಸಂಘದವರು, ಯುವಕ ಸಂಘದವರು ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಎಲ್ಲಿಂದ ಶುರು ಮಾಡಬೇಕು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳೆಯುತ್ತಿರುವುದು ಏನನ್ನು ಎಂದು ತಿಳಿದುಕೊಳ್ಳೋಣ. ನಾನು ಇದನ್ನು ಊರಿನ ತಾಳಿಕೆ ಅನ್ನುತ್ತೇನೆ. ಅದರಲ್ಲಿ ಮೂರು ಸಂಗತಿಗಳಿವೆ. ರೋಗ ಬಂದದ್ದು ಬೇಗ ಗೊತ್ತಾಗಬೇಕು. ಪೆಟ್ಟು ಬಿದ್ದಾಗ ಅದು ಬಡವರ ಮನೆ ಮೇಲೆ ಮಾತ್ರ ಬೀಳದ ಹಾಗೆ ಊರು ಒಟ್ಟಾಗಿ ತಡೆದುಕೊಳ್ಳಬೇಕು. ಆಮೇಲೆ ಎದ್ದು ನಿಲ್ಲಬೇಕು, ಆದರೆ ಮೊದಲಿಗಿಂತ ಚೆನ್ನಾಗಿ ನಿಲ್ಲಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಮಲ್ಲೇಶ್ವರ, ಬಸವನಗುಡಿಯಲ್ಲಿ ಗಾಳಿ ಬೆಳಕು ಇರುವ ಅಗಲ ರಸ್ತೆಯ ಬಡಾವಣೆಗಳು ಬೆಳೆದದ್ದು ಈ ಮೂರನೆಯದಕ್ಕೆ ಉದಾಹರಣೆ. ಆಸ್ಪತ್ರೆಯ ಹಾಸಿಗೆ, ಆಂಬುಲೆನ್ಸ್, ಆಕ್ಸಿಜನ್ ಎಲ್ಲ ಬೇಕು, ನಿಜ. ಆದರೆ ಅವನ್ನು ಎಣಿಸಿದ ಮಾತ್ರಕ್ಕೆ ತಾಳಿಕೆ ಅಳೆದ ಹಾಗೆ ಆಗುವುದಿಲ್ಲ.

ದೇಶಗಳ ಅಂಕಪಟ್ಟಿ

ಇದನ್ನು ಬೇಗ ಮುಗಿಸುತ್ತೇನೆ. ಊರಿನ ಮಟ್ಟದಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ. ಆದರೆ ಇದರಿಂದ ಕಲಿಯಬೇಕಾದ ಒಂದು ಪಾಠ ಇದೆ.

2019ರ ಅಕ್ಟೋಬರ್‌ನಲ್ಲಿ, ಅಂದರೆ ಕೋವಿಡ್ ಕಾಣಿಸಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ, ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕ ಎಂಬ ಪಟ್ಟಿ ಹೊರಬಂತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕೇಂದ್ರವೂ ಸೇರಿ ಮೂರು ಸಂಸ್ಥೆಗಳು ಮಾಡಿದ ಕೆಲಸ ಅದು. 195 ದೇಶಗಳಿಗೆ ಅಂಕ ಕೊಟ್ಟರು. ಅಮೆರಿಕಕ್ಕೆ 100ಕ್ಕೆ 83.5, ಮೊದಲ ಸ್ಥಾನ. ಬ್ರಿಟನ್ ಎರಡನೆಯದು. ನ್ಯೂಜಿಲೆಂಡ್ 35ನೇ ಸ್ಥಾನದಲ್ಲಿ, ವಿಯೆಟ್ನಾಂ 50ನೇ ಸ್ಥಾನದಲ್ಲಿ, ಭಾರತ 57ನೇ ಸ್ಥಾನದಲ್ಲಿ ಇದ್ದವು. ಮರುವರ್ಷ ಆದದ್ದು ಎಲ್ಲರಿಗೂ ಗೊತ್ತಿದೆ. 2020ರ ಕೊನೆಗೆ ಕೋವಿಡ್‌ನಿಂದ ಸತ್ತವರು ನ್ಯೂಜಿಲೆಂಡಿನಲ್ಲಿ 25, ವಿಯೆಟ್ನಾಂನಲ್ಲಿ 35. ಅಮೆರಿಕದಲ್ಲಿ ಅಷ್ಟರಲ್ಲಿ ಲಕ್ಷಗಟ್ಟಲೆ ಜನ ತೀರಿಕೊಂಡಿದ್ದರು.

ಪಟ್ಟಿ ಮಾಡಿದವರು ಮೋಸ ಮಾಡಲಿಲ್ಲ. ಪ್ರಯೋಗಾಲಯ, ಕಾನೂನು, ತಜ್ಞರು, ಯೋಜನೆ ಇವೆಲ್ಲ ಅಮೆರಿಕದಲ್ಲಿ ಇದ್ದದ್ದು ನಿಜ. ಕೈಯಲ್ಲಿ ಏನಿದೆ ಎಂದು ಆ ಪಟ್ಟಿ ಅಳೆಯಿತು. ಸಮಯಕ್ಕೆ ಅದನ್ನು ಬಳಸುತ್ತಾರಾ, ಜನ ಮಾತು ನಂಬುತ್ತಾರಾ ಅನ್ನೋದು ಅಂಕಪಟ್ಟಿಯೊಳಗೆ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 19 ವಿಷಯಗಳಲ್ಲಿ 1ರಿಂದ 5ರವರೆಗೆ ಅಂಕ ಕೊಡುವ ಜಂಟಿ ಮೌಲ್ಯಮಾಪನವೂ ದೇಶದ ಮಟ್ಟದ್ದೇ. ಇಂಥ ಪಟ್ಟಿ ದೆಹಲಿಯಲ್ಲಿ ಬಜೆಟ್ ಮಾಡುವವರಿಗೆ ಉಪಯೋಗ. ನಿಮ್ಮ ಪಂಚಾಯಿತಿಯಲ್ಲಿ ಯಾರಾದರೂ ಇದೇ ಮಾದರಿಯಲ್ಲಿ "ಉಪಕೇಂದ್ರ ಇದೆಯೇ, ಥರ್ಮಾಮೀಟರ್ ಇದೆಯೇ, ಕಾರ್ಯಪಡೆ ರಚನೆಯಾಗಿದೆಯೇ" ಎಂದು ಟಿಕ್ ಹಾಕುವ ಫಾರಂ ತಂದರೆ ತುಂಬಿ ಕೊಡಿ. ಅದರ ಮೇಲೆ ಭರವಸೆ ಇಟ್ಟು ಮಲಗಬೇಡಿ.

ಅಂಕಿ ಅಂಶ ಕೂಡಿಸಿ ಮಾಡುವ ಸೂಚ್ಯಂಕ

ಸಂಶೋಧಕರಿಗೆ ಇದು ತುಂಬಾ ಇಷ್ಟದ ದಾರಿ. ಒಂದು ಪ್ರದೇಶದಲ್ಲಿ ವಯಸ್ಸಾದವರು ಎಷ್ಟು, ಓದು ಬಂದವರು ಎಷ್ಟು, ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ನೀರು, ಶೌಚಾಲಯ, ಆಸ್ಪತ್ರೆ ಎಷ್ಟು ದೂರ ಎಂಬ ಅಂಕಿಗಳನ್ನೆಲ್ಲ ತಂದು ಒಂದೇ ಸಂಖ್ಯೆ ಮಾಡುತ್ತಾರೆ. ಅಮೆರಿಕದ ಸೂಸನ್ ಕಟ್ಟರ್ ಮತ್ತು ಅವರ ಜೊತೆಗಾರರು 2010ರಲ್ಲಿ ಮಾಡಿದ ಸೂಚ್ಯಂಕ ಈ ಬಗೆಯದ್ದು. ಅದು ಚಂಡಮಾರುತ, ಪ್ರವಾಹದಂಥ ವಿಪತ್ತುಗಳಿಗೆಂದು ಹುಟ್ಟಿದ್ದು. ಆಮೇಲೆ ರೋಗಕ್ಕೂ ಅದನ್ನೇ ಎಳೆದು ತಂದರು. ಭಾರತದಲ್ಲಿ 2020ರಲ್ಲಿ ರಾಜೀಬ್ ಆಚಾರ್ಯ ಮತ್ತು ಆಕಾಶ್ ಪೋರ್ವಾಲ್ ಅವರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಬಳಸಿ ಕೋವಿಡ್‌ಗೆ ಯಾವ ಜಿಲ್ಲೆ ಹೆಚ್ಚು ಸುಲಭದ ತುತ್ತು ಎಂದು ಲೆಕ್ಕ ಹಾಕಿದರು.

ಇದರ ಬಲ ಏನು ಅಂದರೆ, ರೋಗ ಬರುವ ಮೊದಲೇ ಯಾರ ಮನೆಗೆ ಹೆಚ್ಚು ಪೆಟ್ಟು ಬೀಳುತ್ತದೆ ಎಂದು ತೋರಿಸುತ್ತದೆ. ಜಿಲ್ಲಾ ಪಂಚಾಯಿತಿಯವರು ಯಾವ ತಾಲ್ಲೂಕಿಗೆ ಮೊದಲು ಆಂಬುಲೆನ್ಸ್ ಕೊಡಬೇಕು ಎಂದು ತೀರ್ಮಾನಿಸಲು ಇದಕ್ಕಿಂತ ನ್ಯಾಯವಾದ ದಾರಿ ಇಲ್ಲ.

ಊರಿಗೆ ಇಳಿದಾಗ ಮಾತ್ರ ತೊಂದರೆ. ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯ ಸರಾಸರಿ ಕೊಡುತ್ತದೆ, ಅದಕ್ಕಿಂತ ಕೆಳಗೆ ಬರುವುದಿಲ್ಲ. ಊರುವಾರು ಅಂಕಿಗೆ 2011ರ ಜನಗಣತಿ ಹಿಡಿದರೆ ಅವತ್ತು ಹತ್ತು ವರ್ಷದ ಹುಡುಗಿಯಾಗಿದ್ದವಳಿಗೆ ಇವತ್ತು ಮಕ್ಕಳಿವೆ. ಗ್ರಾಮೀಣಾಭಿವೃದ್ಧಿ ಸಚಿವಾಲಯದ ಮಿಷನ್ ಅಂತ್ಯೋದಯ ಸಮೀಕ್ಷೆಯಲ್ಲಿ ಊರಿನ ಸೌಲಭ್ಯಗಳ ಮಾಹಿತಿ ಸಿಗುತ್ತದೆ, ಅದು ಸ್ವಲ್ಪ ಹೊಸದು. ಅದನ್ನು ನೋಡಿ, ಒಳ್ಳೆಯದೇ. ಆದರೆ "ಎಲ್ಲ ಮನೆಗೆ ನಲ್ಲಿ ಇದೆ" ಎಂದು ಬರೆದಿರುವ ಊರಿನಲ್ಲಿ ನಲ್ಲಿಗೆ ವಾರಕ್ಕೆ ಎರಡು ಸಲ ನೀರು ಬರುತ್ತದೆ ಅನ್ನೋದು ಯಾವ ಕಾಲಂನಲ್ಲೂ ಇರುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಮಂಗನ ಕಾಯಿಲೆಗೆ ಈ ಸೂಚ್ಯಂಕಗಳು ತಲೆಕೆಳಗಾಗುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಇದು. ಇಲ್ಲಿ ಅಪಾಯ ಇರುವುದು ಒತ್ತೊತ್ತಾಗಿ ಬದುಕುವವರಿಗೆ ಅಲ್ಲ, ಕಾಡಿಗೆ ಹೋಗುವವರಿಗೆ. ದರಗು ತರುವವರು, ಸೌದೆ ತರುವವರು, ದನ ಮೇಯಿಸುವವರು. ಮನೆಗಳು ದೂರ ದೂರ ಇವೆ, ಗಾಳಿ ಚೆನ್ನಾಗಿದೆ, ಓದಿದವರು ಜಾಸ್ತಿ ಇದ್ದಾರೆ ಎಂದು ಸೂಚ್ಯಂಕ ಒಳ್ಳೆಯ ಅಂಕ ಕೊಟ್ಟ ಮಲೆನಾಡಿನ ಊರಲ್ಲೇ ಈ ರೋಗ ಹರಡುವ ಉಣುಗು (ಉಣ್ಣೆ ಹುಳ) ಕಚ್ಚುವುದು. ಹಾಗಾಗಿ ಒಂದೇ ಸಂಖ್ಯೆ ಎಲ್ಲ ರೋಗಕ್ಕೂ ಹೊಂದುತ್ತದೆ ಎಂದು ಯಾರಾದರೂ ಹೇಳಿದರೆ ಯಾವ ರೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಕ ಕೊಟ್ಟಿದ್ದೀರಿ ಎಂದು ಕೇಳಿ.

ಜನರನ್ನೇ ಕೇಳುವ ದಾರಿ

ಇಸ್ರೇಲಿನ ಸಂಶೋಧಕರು 28 ಪ್ರಶ್ನೆಗಳ ಒಂದು ಪ್ರಶ್ನಾವಳಿ ಮಾಡಿದ್ದಾರೆ. 10 ಪ್ರಶ್ನೆಗಳ ಚಿಕ್ಕ ರೂಪವೂ ಇದೆ. ಮುಂದಾಳುಗಳ ಮೇಲೆ ನಂಬಿಕೆ ಇದೆಯೇ, ಕಷ್ಟ ಬಂದರೆ ಊರವರು ಒಬ್ಬರಿಗೊಬ್ಬರು ಆಗುತ್ತಾರೆಯೇ, ತಯಾರಿ ಇದೆಯೇ, ಈ ಊರು ನನ್ನದು ಅನ್ನಿಸುತ್ತದೆಯೇ ಎಂಬ ಬಗೆಯ ಪ್ರಶ್ನೆಗಳು. ಇಂಥದ್ದನ್ನು ಏಕೆ ಅಳೆಯಬೇಕು ಎಂದು ಕೇಳುವವರಿಗೆ ಒಂದು ಗಟ್ಟಿ ಉತ್ತರ ಇದೆ. 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 177 ದೇಶಗಳ ಕೋವಿಡ್ ಅಂಕಿಗಳನ್ನು ಹೋಲಿಸಿದ ಅಧ್ಯಯನ ಬಂತು. ತಯಾರಿಯ ಅಂಕಪಟ್ಟಿಗೂ ಸೋಂಕು ಎಷ್ಟು ಹರಡಿತು ಎಂಬುದಕ್ಕೂ ಸಂಬಂಧ ಕಾಣಿಸಲಿಲ್ಲ. ಸರ್ಕಾರದ ಮೇಲೆ ಜನರ ನಂಬಿಕೆ, ಅದಕ್ಕಿಂತ ಹೆಚ್ಚಾಗಿ ಜನರಿಗೆ ಒಬ್ಬರ ಮೇಲೊಬ್ಬರಿಗೆ ಇರುವ ನಂಬಿಕೆ, ಇವು ಜಾಸ್ತಿ ಇದ್ದ ಕಡೆ ಸೋಂಕು ಕಡಿಮೆ ಇತ್ತು.

ನಂಬಿಕೆಯನ್ನು ಅಳೆಯಬೇಕು, ಸರಿ. ಆದರೆ ನಮ್ಮೂರಿನಲ್ಲಿ ಪ್ರಶ್ನಾವಳಿ ಹಿಡಿದು ಹೋದರೆ ಏನಾಗುತ್ತದೆ ಗೊತ್ತಾ? ಪಂಚಾಯಿತಿಯಿಂದ ಬಂದವರು ಎಂದ ಕೂಡಲೇ ಜಗಲಿ ಮೇಲೆ ಚಾಪೆ ಹಾಸುತ್ತಾರೆ, ಚಹಾ ಕೊಡುತ್ತಾರೆ. "ಪಂಚಾಯಿತಿ ಮೇಲೆ ನಂಬಿಕೆ ಇದೆಯಾ?" ಅಂದರೆ "ಅಯ್ಯೋ ಇಲ್ದೆ ಏನು" ಅನ್ನುತ್ತಾರೆ. ಎದುರಿಗೆ ಕೂತವರ ಮುಖ ನೋಡಿ ಯಾರು ಇಲ್ಲ ಅನ್ನುತ್ತಾರೆ? ನಾವು ಮೊದಲ ಇಪ್ಪತ್ತು ಮನೆಗಳಲ್ಲಿ ಕೇಳಿದಾಗ ಎಲ್ಲ ಕಡೆ ಒಂದೇ ಉತ್ತರ ಬಂತು. ಆ ಹಾಳೆಗಳನ್ನು ಪಕ್ಕಕ್ಕಿಟ್ಟೆವು.

ಆಮೇಲೆ ಪ್ರಶ್ನೆ ಬದಲಾಯಿಸಿದೆವು. "ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಯಾರಿಗಾದರೂ ಜ್ವರ ಏರಿದರೆ ಮೊದಲು ಯಾರ ಮನೆ ಬಾಗಿಲು ತಟ್ಟುತ್ತೀರಿ?" ಇದೊಂದೇ ಪ್ರಶ್ನೆ. ಕೇಳಿದ್ದು ನಾವಲ್ಲ, ಸ್ವಸಹಾಯ ಸಂಘದ ಹೆಂಗಸರು, ತಮ್ಮ ಕೇರಿ ಬಿಟ್ಟು ಬೇರೆ ಕೇರಿಯಲ್ಲಿ. ಈ ಸಲ ಉತ್ತರಗಳು ಬೇರೆ ಬೇರೆ ಬಂದವು. ಎಲ್ಲಕ್ಕಿಂತ ಹೆಚ್ಚು ಸಲ ಬಂದ ಹೆಸರು ಯಾವ ಸದಸ್ಯರದ್ದೂ ಅಲ್ಲ, ಹಾಲಿನ ಡೈರಿಯ ಕಾರ್ಯದರ್ಶಿಯದ್ದು. ಅವರು ಕಾರ್ಯಪಡೆಯಲ್ಲಿ ಇರಲೇ ಇಲ್ಲ. ಮತ್ತೆ ಏಳು ಮನೆಗಳಲ್ಲಿ "ಯಾರೂ ಇಲ್ಲ" ಎಂದರು. ಆ ಏಳು ಮನೆಗಳು ನಮಗೆ ಯಾವ ಅಂಕಕ್ಕಿಂತಲೂ ಮುಖ್ಯವಾದವು.

ಪ್ರಶ್ನೆ ಕೇಳುವ ದಾರಿ ಆರಿಸುವುದಾದರೆ ಅಭಿಪ್ರಾಯ ಕೇಳಬೇಡಿ, ಮಾಡಿದ್ದನ್ನು ಕೇಳಿ, ಮಾಡುವುದನ್ನು ಕೇಳಿ. ನಗರದ ವಾರ್ಡಿನಲ್ಲಿ ಪೂರ್ತಿ ಪ್ರಶ್ನಾವಳಿ ಇನ್ನೂ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಕೇಳುವವರಿಗೂ ಹೇಳುವವರಿಗೂ ಪರಿಚಯ ಇರುವುದಿಲ್ಲ, ಹಾಗಾಗಿ ದಾಕ್ಷಿಣ್ಯ ಕಡಿಮೆ.

ಗಡಿಯಾರ: 7-1-7

ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದು. ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

2021ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಹಿಂದಿನ ಮುಖ್ಯಸ್ಥ ಟಾಮ್ ಫ್ರೀಡನ್ ಮತ್ತು ಜೊತೆಗಾರರು ಒಂದು ಸರಳ ಗುರಿ ಮುಂದಿಟ್ಟರು. ರೋಗ ಶುರುವಾದ 7 ದಿನದೊಳಗೆ ಪತ್ತೆಯಾಗಬೇಕು. ಪತ್ತೆಯಾದ 1 ದಿನದೊಳಗೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಆಮೇಲೆ 7 ದಿನದೊಳಗೆ ತಡೆಯುವ ಮೊದಲ ಕೆಲಸಗಳು ಮುಗಿಯಬೇಕು. ಬ್ರೆಜಿಲ್, ಇಥಿಯೋಪಿಯಾ, ಲೈಬೀರಿಯಾ, ನೈಜೀರಿಯಾ, ಉಗಾಂಡ ಈ ಐದು ದೇಶಗಳ 41 ಘಟನೆಗಳನ್ನು ಈ ಗಡಿಯಾರದಲ್ಲಿ ಅಳೆದು ನೋಡಿದಾಗ ಮೂರೂ ಗುರಿ ಮುಟ್ಟಿದ್ದು 11 ಮಾತ್ರ. ಅಂಕ ಕಡಿಮೆ ಬಂತು ಎಂದು ಬೇಜಾರಾಗಬೇಕಿಲ್ಲ. ಎಲ್ಲಿ ತಡವಾಯಿತು ಎಂದು ಬೆರಳಿಟ್ಟು ತೋರಿಸುವುದೇ ಇದರ ಕೆಲಸ.

ಕೇರಳದ ನಿಪಾವನ್ನು ಈ ಗಡಿಯಾರದಲ್ಲಿ ಇಟ್ಟು ನೋಡಿ. 2018ರ ಮೇ 5ರಂದು ಕೋಯಿಕ್ಕೋಡ್ ಜಿಲ್ಲೆಯಲ್ಲಿ ಒಬ್ಬ ಯುವಕ ತೀರಿಕೊಂಡ. ನಿಪಾ ಎಂದು ಯಾರಿಗೂ ಹೊಳೆಯಲಿಲ್ಲ. 17ರಂದು ಅವನ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದಾಗ ಒಂದೇ ಮನೆಯಲ್ಲಿ ಹೀಗೇಕೆ ಎಂದು ವೈದ್ಯರಿಗೆ ಅನುಮಾನ ಬಂತು. ಮಾದರಿ ಬಂದದ್ದು ನಮ್ಮ ಮಣಿಪಾಲದ ವೈರಸ್ ಪ್ರಯೋಗಾಲಯಕ್ಕೆ. 20ಕ್ಕೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಅನುಮಾನ ಬಂದ ಮೇಲೆ ತಿಳಿಸುವುದಾಗಲಿ, ಸಂಪರ್ಕಕ್ಕೆ ಬಂದವರನ್ನು ಹುಡುಕುವುದಾಗಲಿ ಜೋರಾಗಿ ನಡೆಯಿತು. 2 ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿ ನಿಗಾ ಇಟ್ಟರು. ಆದರೆ ಮೊದಲ 7 ದಿನ ಆಗಲೇ ಕೈಬಿಟ್ಟುಹೋಗಿತ್ತು. ಪತ್ತೆಯಾಗುವ ಮುಂಚೆಯೇ ಆಸ್ಪತ್ರೆಗಳಲ್ಲಿ ಹರಡಿತ್ತು. ಆರೈಕೆ ಮಾಡಿದ ನರ್ಸ್ ಲಿನಿ ಅವರನ್ನೂ ಸೇರಿ 17 ಜನ ಹೋದರು.

2023ರಲ್ಲಿ ಅದೇ ಜಿಲ್ಲೆಯಲ್ಲಿ ಮತ್ತೆ ಬಂತು. ಮೊದಲ ಸಾವು ಆಗಸ್ಟ್ 30ಕ್ಕೆ, ಎರಡನೆಯದು ಸೆಪ್ಟೆಂಬರ್ 11ಕ್ಕೆ, ನಿಪಾ ಎಂದು ಖಚಿತವಾದದ್ದು 12ಕ್ಕೆ. ಅಂದರೆ ಪತ್ತೆಯ ಗುರಿ ಈ ಸಲವೂ ತಪ್ಪಿತು! ಆದರೂ ಒಟ್ಟು 6 ಜನರಿಗೆ ಬಂತು, 2 ಸಾವಿಗೆ ನಿಂತಿತು. ಇಲ್ಲಿ ಗಡಿಯಾರದ ಮಿತಿಯೂ ಕಾಣುತ್ತದೆ. ಮೊದಲ ಅಂಕೆ ಎರಡೂ ಸಲ ಕೆಟ್ಟದ್ದೇ. ಆದರೆ ನಡುವಿನ ಐದು ವರ್ಷದಲ್ಲಿ ಆಸ್ಪತ್ರೆಗಳೂ ಜನರೂ ಒಮ್ಮೆ ಪೆಟ್ಟು ತಿಂದು ಕಲಿತಿದ್ದರು. ಎಲ್ಲಿ ಹುಡುಕಬೇಕು, ಯಾರನ್ನು ಕೂಡಲೇ ಬೇರೆ ಇಡಬೇಕು ಎಂದು ಗೊತ್ತಿತ್ತು. ಅದೃಷ್ಟವೂ ಸ್ವಲ್ಪ ಇದ್ದಿರಬಹುದು. ಮೂರು ಅಂಕೆಗಳಲ್ಲಿ ಅದೆಲ್ಲ ಬರುವುದಿಲ್ಲ. ಹಾಗಾಗಿ ಅಂಕೆಯ ಪಕ್ಕದಲ್ಲಿ "ಏಕೆ" ಎಂದು ಎರಡು ಸಾಲು ಬರೆಯಲೇಬೇಕು.

ನಮ್ಮ ಪಂಚಾಯಿತಿಯಲ್ಲಿ 2021ರ ಎರಡನೇ ಅಲೆಯನ್ನು ಹೀಗೆ ಅಳೆದೆವು. ಬೇಕಾದದ್ದು ಮೂರೇ ಪುಸ್ತಕ: ಆಶಾ ಕಾರ್ಯಕರ್ತೆಯ ಡೈರಿ, ಪಂಚಾಯಿತಿಯ ನಡಾವಳಿ ಪುಸ್ತಕ, ಮರಣ ನೋಂದಣಿ. ಆಶಾ ಅಕ್ಕ ತಮ್ಮ ಹಳೇ ಡೈರಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದರು. ಅರಿಶಿನದ ಕಲೆ ಬಿದ್ದ ಒಂದು ಪುಟದಲ್ಲಿ ಏಪ್ರಿಲ್ 24ಕ್ಕೆ "ಮೇಲಿನ ಕೇರಿ, ಜ್ವರ ಕೆಮ್ಮು, 1" ಎಂದಿತ್ತು. 29ಕ್ಕೆ ಅದೇ ಕೇರಿ, "4". 30ಕ್ಕೆ "ಫೋನ್ ಮಾಡಿ ಹೇಳಿದೆ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ನಡಾವಳಿ ಪುಸ್ತಕದಲ್ಲಿ ಕಾರ್ಯಪಡೆಯ ಮೊದಲ ಸಭೆ ಮೇ 10ರದ್ದು.

ಲೆಕ್ಕ ಹಾಕಿ. ಪತ್ತೆಗೆ 5 ದಿನ, ಪಾಸು. ತಿಳಿಸಲು 1 ದಿನ, ಪಾಸು. ಅಲ್ಲಿಂದ ನಾವು ಕೂತು ಮಾತಾಡಲು 10 ದಿನ, ಫೇಲು. ಅವತ್ತಿನವರೆಗೆ ಊರಿನಲ್ಲಿ ಎಲ್ಲರೂ "ಆಶಾದವರು ಬೇಗ ಹೇಳಲಿಲ್ಲ" ಅಂತಲೇ ಮಾತಾಡಿಕೊಳ್ಳುತ್ತಿದ್ದರು. ನಾನೂ ಹಾಗೆ ಅಂದುಕೊಂಡಿದ್ದೆ. ಅವರ ಎದುರಿಗೇ ಆ ಪುಟ ಓದಿದಾಗ ಸಭೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಸುದ್ದಿ ಆರೋಗ್ಯದವರಿಂದ ಪಂಚಾಯಿತಿಗೆ ಬರುವ ದಾರಿಯಲ್ಲಿ ಬಿದ್ದುಹೋಗಿತ್ತು. ಈಗ ಒಂದೇ ಒಂದು ಬದಲಾವಣೆ ಮಾಡಿದ್ದೇವೆ: ಒಂದು ಕೇರಿಯಲ್ಲಿ ವಾರದೊಳಗೆ ಮೂರು ಜ್ವರ ಕಂಡರೆ ಆಶಾ ಅಕ್ಕ ಆರೋಗ್ಯ ಕೇಂದ್ರಕ್ಕೂ ಪಿಡಿಒಗೂ ಒಟ್ಟಿಗೇ ಹೇಳುತ್ತಾರೆ.

ಮಂಗನ ಕಾಯಿಲೆಗಾದರೆ ಗಡಿಯಾರ ಮನುಷ್ಯನ ಜ್ವರದಿಂದ ಶುರುವಾಗಬಾರದು, ಮಂಗ ಬಿದ್ದ ದಿನದಿಂದ ಶುರುವಾಗಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ರೋಗ ಎದ್ದು 2019ರ ಬೇಸಿಗೆವರೆಗೆ ಕಾಡಿದ್ದನ್ನು ಈ ಭಾಗದವರು ಮರೆತಿಲ್ಲ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು 2022ರಲ್ಲಿ ನಿಲ್ಲಿಸಿದರು. ಆಮೇಲೆ ಉಳಿದದ್ದು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಮೈ ಮುಚ್ಚುವ ಬಟ್ಟೆ, ಸತ್ತ ಮಂಗದ ಸುದ್ದಿ. ಮೂರೂ ಜನರ ಕೈಯಲ್ಲೇ ಇವೆ. ಎಣ್ಣೆ ಬಾಟಲಿ ಎಷ್ಟು ಹಂಚಿದರು ಎಂದು ಎಣಿಸುವುದು ಸುಲಭ. ಬೆಳಗ್ಗೆ ಕಾಡಿಗೆ ಹೊರಟವರ ಕಾಲು ಎಣ್ಣೆಯಿಂದ ಹೊಳೆಯುತ್ತಿದೆಯೇ ಎಂದು ನೋಡುವುದು ನಿಜವಾದ ಅಳತೆ.

ಆದಮೇಲೆ ಎಣಿಸುವ ದಾರಿಗಳು

ರಕ್ತ ಪರೀಕ್ಷೆಯ ಸಮೀಕ್ಷೆ, ಕೊಳಚೆ ನೀರಿನ ಪರೀಕ್ಷೆ, ಹೆಚ್ಚುವರಿ ಸಾವಿನ ಲೆಕ್ಕ ಈ ಗುಂಪಿಗೆ ಬರುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಮಾಡಿದ ಸಮೀಕ್ಷೆಯಲ್ಲಿ ಸುಮಾರು 27 ಶೇಕಡಾ ಜನರಿಗೆ ಆಗಲೇ ಸೋಂಕು ಬಂದುಹೋಗಿತ್ತು ಅಥವಾ ಆಗ ಇತ್ತು ಎಂದು ಗೊತ್ತಾಯಿತು. ರಾಜ್ಯಕ್ಕೆ ಅದು ದೊಡ್ಡ ಮಾಹಿತಿ. ಬೆಂಗಳೂರಿನಲ್ಲಿ ಕೊಳಚೆ ನೀರು ಸಂಸ್ಕರಣಾ ಘಟಕಗಳಿಂದ ಮಾದರಿ ತೆಗೆದು ಕೊರೊನಾ ಏರುತ್ತಿದೆಯೇ ಎಂದು ನೋಡಿದರು. ನಗರಕ್ಕೆ ಒಳ್ಳೆಯ ಉಪಾಯ. ಮನೆಗೊಂದು ಶೌಚಗುಂಡಿ ಇರುವ ನಮ್ಮೂರಿಗೆ ಅದು ಆಗದ ಮಾತು.

ಸಾವಿನ ಲೆಕ್ಕ ಮಾತ್ರ ಎಲ್ಲ ಊರಲ್ಲೂ ಸಾಧ್ಯ, ಆದರೆ ಹುಷಾರಾಗಿ ಮಾಡಬೇಕು. ಪಂಚಾಯಿತಿಯಲ್ಲಿ 6 ಸಾವಿರ ಜನ, ವರ್ಷಕ್ಕೆ ಸಾವಿರಕ್ಕೆ 7 ಸಾವು ಎಂದುಕೊಳ್ಳಿ. ವರ್ಷಕ್ಕೆ 42, ಮೂರು ತಿಂಗಳಿಗೆ 10 ಅಥವಾ 11. ಒಂದು ವರ್ಷ ಅದೇ ಮೂರು ತಿಂಗಳಲ್ಲಿ 14 ಸಾವಾದರೆ ಅದು ಸುಮ್ನೆ ಏರಿಳಿತವೂ ಆಗಿರಬಹುದು. 20 ಆದರೆ ಏನೋ ಆಗಿದೆ. ಹಿಂದಿನ ಐದು ವರ್ಷದ ಅದೇ ತಿಂಗಳುಗಳ ಸಂಖ್ಯೆ ಪಕ್ಕದಲ್ಲಿಟ್ಟು ನೋಡದೆ ತೀರ್ಮಾನಕ್ಕೆ ಬರಬೇಡಿ. ಮತ್ತೆ, ಸಾವು ಕಡಿಮೆ ಅಂದ ಮಾತ್ರಕ್ಕೆ ತಾಳಿಕೆ ಜಾಸ್ತಿ ಅಂತಲ್ಲ. ರೋಗ ಆ ಊರಿಗೆ ಬರದೇ ಇದ್ದಿರಬಹುದು.

ಪಂಚಾಯಿತಿ ಹಾಲ್‌ನಲ್ಲಿ ಒಂದು ತಾಲೀಮು

ಆಸ್ಪತ್ರೆಗಳಲ್ಲಿ ಅಣಕು ಕಾರ್ಯಾಚರಣೆ ಮಾಡುತ್ತಾರೆ. 2022ರ ಡಿಸೆಂಬರ್ 27ರಂದು ದೇಶದ ತುಂಬ ಕೋವಿಡ್‌ಗಾಗಿ ಮಾಡಿದ್ದರು. ಊರಿನಲ್ಲಿ ಅಷ್ಟು ಬೇಡ. ಕುರ್ಚಿಗಳನ್ನು ಸುತ್ತ ಹಾಕಿ, ಚೀಟಿಯಲ್ಲಿ ಒಂದೊಂದು ಸನ್ನಿವೇಶ ಬರೆದು, ಒಬ್ಬರು ಓದಬೇಕು, ಉಳಿದವರು ಏನು ಮಾಡುತ್ತೇವೆ ಎಂದು ಹೇಳಬೇಕು. ನಾವು ಮಾಡಿದಾಗ 14 ಜನ ಇದ್ದೆವು. ಖರ್ಚು ಚಹಾ, ಮಂಡಕ್ಕಿ.

ಮೊದಲ ಚೀಟಿ: "ಸೋಮವಾರ ಬೆಳಗ್ಗೆ ಸೊಪ್ಪಿನ ಬೆಟ್ಟದಲ್ಲಿ ಎರಡು ಮಂಗ ಸತ್ತು ಬಿದ್ದಿವೆ. ದನ ಹೊಡೆದುಕೊಂಡು ಹೋದ ಹುಡುಗ ನೋಡಿದ್ದಾನೆ. ಯಾರಿಗೆ ಹೇಳುತ್ತಾನೆ?" ಐದು ಉತ್ತರ ಬಂದವು. ಫಾರೆಸ್ಟಿನವರಿಗೆ, ಆಶಾಗೆ, ಮೆಂಬರ್‌ಗೆ, ಅಪ್ಪನಿಗೆ, ಯಾರಿಗೂ ಇಲ್ಲ. ಗೋಡೆ ಮೇಲೆ ಬರೆದಿದ್ದ ನಂಬರ್‌ಗೆ ಅಲ್ಲೇ ಕರೆ ಮಾಡಿದೆವು. ಎತ್ತಿದವರು ವರ್ಗವಾಗಿ ಬೇರೆ ತಾಲ್ಲೂಕಿನಲ್ಲಿದ್ದರು. ಪಾಪ, ಅವರೇ ಬೇರೆ ನಂಬರ್ ಕೊಟ್ಟರು.

ಎರಡನೇ ಚೀಟಿ: "ಮೂರು ಮನೆಯವರು ಎರಡು ವಾರ ಹೊರಗೆ ಬರುವಂತಿಲ್ಲ. ಅವರ ದನ ಕರೆಯುವವರು ಯಾರು? ಹಾಲು ಡೈರಿಗೆ ಹೇಗೆ ಹೋಗುತ್ತದೆ?" ನಾವು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಂಘದ ಅಧ್ಯಕ್ಷೆ ಅರ್ಧ ನಿಮಿಷದಲ್ಲಿ ಹೇಳಿಬಿಟ್ಟರು: ಯಾವ ಮನೆಯ ದನ ಯಾರ ಕೈಗೆ ಒದೆಯದೆ ಹಾಲು ಕೊಡುತ್ತದೆ, ಯಾರ ಬೈಕಿನಲ್ಲಿ ಕ್ಯಾನ್ ಕಟ್ಟಬಹುದು, ಹಾಲು ಬೇಡವೆಂದರೆ ದಿನಕ್ಕೆ ಎಷ್ಟು ರೂಪಾಯಿ ನಷ್ಟ. ಮನೆಯಲ್ಲಿ ಇರಿ ಎಂದು ಹೇಳುವುದು ಸುಲಭ. ದನ ಇದ್ದವರು ಇರಲಾರರು. ಇದು ಗೊತ್ತಿಲ್ಲದೆ ಮಾಡಿದ ಯಾವ ನಿಯಮವೂ ಹಳ್ಳಿಯಲ್ಲಿ ನಿಲ್ಲುವುದಿಲ್ಲ.

ಮೂರನೇ ಚೀಟಿಯಲ್ಲಿ ಅಡಿಕೆ ತೋಟದ ಶೆಡ್ಡಿನಲ್ಲಿ ಇರುವ ಹೊರಗಿನ ಕೂಲಿಯವರಿಗೆ ಜ್ವರ ಬಂದಿತ್ತು. ಅವರು ಯಾರ ಪಟ್ಟಿಯಲ್ಲೂ ಇರಲಿಲ್ಲ. ಪಡಿತರದಲ್ಲಿ ಇಲ್ಲ, ಆಶಾ ಸಮೀಕ್ಷೆಯಲ್ಲಿ ಇಲ್ಲ, ಮತದಾರರ ಪಟ್ಟಿಯಲ್ಲಿ ಇಲ್ಲ. ಅವರ ಭಾಷೆ ಬರುವವರು ಊರಿನಲ್ಲಿ ಒಬ್ಬರೂ ಇಲ್ಲ.

ತಾಲೀಮಿನ ದೌರ್ಬಲ್ಯ ಏನೆಂದರೆ ಅದನ್ನು ಬೇರೆ ಊರಿನ ಜೊತೆ ಹೋಲಿಸಲು ಬರುವುದಿಲ್ಲ. ಬಂದವರ ಮೇಲೆ ಎಲ್ಲ ನಿಂತಿರುತ್ತದೆ. ಜೋರು ದನಿಯವರು ಮಾತಾಡಿ ಉಳಿದವರು ಸುಮ್ಮನಾದರೆ ಮುಗಿಯಿತು. ಹಾಗಾಗಿ ಚೀಟಿ ಓದುವವರು ಹೊರಗಿನವರಾದರೆ ಒಳ್ಳೆಯದು, ಪಕ್ಕದ ಪಂಚಾಯಿತಿಯ ಶಿಕ್ಷಕಿಯಾದರೂ ಸರಿ.

ಹಾಗಾದರೆ ಯಾವುದು?

ಹಣ ಹಂಚುವವರು ನೀವಾದರೆ, ಅಂದರೆ ಜಿಲ್ಲೆ ಅಥವಾ ತಾಲ್ಲೂಕಿನ ಮಟ್ಟದವರಾದರೆ, ಅಂಕಿ ಕೂಡಿಸುವ ಸೂಚ್ಯಂಕ ಹಿಡಿಯಿರಿ. ಜೊತೆಗೆ ಆಯಾ ರೋಗಕ್ಕೆ ತಕ್ಕ ಹಾಗೆ ಅದನ್ನು ತಿದ್ದಿ. ನಗರದ ವಾರ್ಡ್ ಸಮಿತಿಯಾದರೆ ಪ್ರಶ್ನಾವಳಿಯಿಂದ ಶುರು ಮಾಡಿ. ಅಪಾರ್ಟ್‌ಮೆಂಟಿನವರನ್ನು ಮಾತ್ರ ಕೇಳಿ ಹಿಂದಿನ ಗಲ್ಲಿಯನ್ನು ಬಿಡಬೇಡಿ.

ಗ್ರಾಮ ಪಂಚಾಯಿತಿಯಾದರೆ ನನ್ನ ಮಾತು ಸ್ಪಷ್ಟ. ಮೊದಲು ಕೋವಿಡ್, ಡೆಂಗಿ, ಮಂಗನ ಕಾಯಿಲೆ ಯಾವುದಾದರೂ ಒಂದು ಹಳೆಯ ಘಟನೆಯನ್ನು ಗಡಿಯಾರಕ್ಕೆ ಹಚ್ಚಿ. ಒಂದು ಮಧ್ಯಾಹ್ನ ಸಾಕು. ಎಲ್ಲಿ ತಡವಾಯಿತೋ ಅದನ್ನೇ ಸನ್ನಿವೇಶ ಮಾಡಿ ತಾಲೀಮು ನಡೆಸಿ. ಬಾಗಿಲು ತಟ್ಟುವ ಪ್ರಶ್ನೆಯನ್ನು ವರ್ಷಕ್ಕೊಮ್ಮೆ ಕೇಳಿ, "ಯಾರೂ ಇಲ್ಲ" ಎಂದವರ ಮನೆಗೆ ಒಬ್ಬರನ್ನು ಗೊತ್ತು ಮಾಡಿ. ಈ ಮೂರರಲ್ಲೂ ತಿದ್ದಬೇಕಾದ ಜಾಗ ಯಾವುದು, ಯಾರು ತಿದ್ದಬೇಕು ಎಂದು ಅಲ್ಲೇ ಗೊತ್ತಾಗುತ್ತದೆ. 100ಕ್ಕೆ 62 ಎಂದು ಬರುವ ಅಂಕದಿಂದ ಅದು ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ. ಈ ಫಲಿತಾಂಶವನ್ನು ಊರುಗಳ ನಡುವೆ ಪೈಪೋಟಿ ಮಾಡಿಬಿಡಬೇಡಿ. ಬಹುಮಾನ ಇಟ್ಟ ಕೂಡಲೇ ಡೈರಿಯಲ್ಲಿ ತಾರೀಖುಗಳು ಬದಲಾಗುತ್ತವೆ. ತಡವಾಗಿದೆ ಎಂದು ಬರೆದವರಿಗೆ ಬೈಗುಳ ಬಿದ್ದರೆ ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ. ನಮ್ಮಲ್ಲಿ ಆಶಾ ಅಕ್ಕ ಆ ಡೈರಿಯನ್ನು ಎಸೆಯದೆ ಇಟ್ಟುಕೊಂಡದ್ದರಿಂದ ಇಷ್ಟೆಲ್ಲ ತಿಳಿಯಿತು.

ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಅದಕ್ಕೆ ಮುಂದಿನ ತಾಲೀಮನ್ನು ನವೆಂಬರ್ ಎರಡನೇ ವಾರಕ್ಕೆ ಇಟ್ಟುಕೊಂಡಿದ್ದೇವೆ. ಡೈರಿ ಕಾರ್ಯದರ್ಶಿ ಬರುತ್ತಾರೆ, ತೋಟದ ಶೆಡ್ಡಿನಿಂದ ಇಬ್ಬರನ್ನು ಕರೆದಿದ್ದೇವೆ. ಗೋಡೆ ಮೇಲಿನ ನಂಬರ್ ಬದಲಾಯಿಸಿದ್ದೇವೆ. ಈ ಸಲದ ಮೊದಲ ಚೀಟಿಯಲ್ಲಿ ಮಂಗ ಬೀಳುವುದು ಭಾನುವಾರ ಸಂಜೆ, ಕರೆಂಟು ಇಲ್ಲದ ಹೊತ್ತಿಗೆ.